ಕೇಳಿದ್ದು ಮತ್ತು ಓದಿದ್ದು: ಕಲ್ಯಾಣ–ಡೊಂಬಿವಲಿ ಪರಿಸರದ ಕನ್ನಡ ಮಾಧ್ಯಮ ವಿದ್ಯಾರ್ಥಿಗಳ ಇಂಗ್ಲಿಷ್ ಪರೀಕ್ಷಣ

1

ಕನ್ನಡ ಸಾಹಿತ್ಯದ ಅಭ್ಯಾಸಿಗೆ ‘ಕಲ್ಯಾಣ’ ಎಂದೊಡನೆ ನೆನಪಾಗುವುದು ಇಂದಿನ ಬಸವಕಲ್ಯಾಣ. ಚಾಲುಕ್ಯರ ರಾಜಧಾನಿಯೂ 12ನೆಯ ಶತಮಾನದ ಶರಣರ ಕಾರ್ಯಕ್ಷೇತ್ರವೂ ಆಗಿದ್ದ ನಗರ. ಪ್ರಸ್ತುತ ಲೇಖನದ ಕಲ್ಯಾಣ ಅದಲ್ಲ. ಇದು ಉಲ್ಹಾಸ ನದಿಯ ದಂಡೆಯಲ್ಲಿರುವ, ಠಾಣೆ ಜಿಲ್ಲೆಗೆ ಸೇರಿದ ಉತ್ತರ ಕೊಂಕಣದ ಕಲ್ಯಾಣ. ಈ ಸೀಮೆಯೂ ಕನ್ನಡಕ್ಕೆ ತೀರ ಹೊರಗಿನದಲ್ಲ. ಕಲ್ಯಾಣಕ್ಕೆ ದೂರವಲ್ಲದ ಕನ್ಹೇರಿಯ ಗುಹೆಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಶಾಸನಗಳಿವೆ. ಕವಿರಾಜಮಾರ್ಗವು ಆತನ ಆಸ್ಥಾನದಲ್ಲಿಯೇ ಹುಟ್ಟಿತೆಂಬುದನ್ನು ಇಲ್ಲಿ ನೆನೆಯಬಹುದು.

ಈ ಉಲ್ಲೇಖಕ್ಕೆ ಬೇರೊಂದು ಕಾರಣವೂ ಉಂಟು. ಓದು ಕಲಿಯದೆಯೂ ಕಾವ್ಯಪ್ರಯೋಗದಲ್ಲಿ ಪರಿಣತರಾದ ಜನರನ್ನು ಕವಿರಾಜಮಾರ್ಗವು ಕನ್ನಡನಾಡಿನಲ್ಲಿ ಗುರುತಿಸುತ್ತದೆ. ಕುಮಾರವ್ಯಾಸನ ಕಾವ್ಯವು ಶತಮಾನಗಳ ಕಾಲ ಒಬ್ಬರು ಓದಿ ಹಲವರು ಕೇಳುವ ಗಮಕದ ಮೂಲಕವೇ ಜನರಲ್ಲಿ ಉಳಿದು ಬಂದಿತು. ಕೇಳಿ ತಿಳಿಯುವುದು, ಓದಿ ತಿಳಿಯುವುದು ಇವು ಎರಡು ಬೇರೆ ಸಾಮರ್ಥ್ಯಗಳು. ಒಂದಿದ್ದ ಮಾತ್ರಕ್ಕೆ ಇನ್ನೊಂದು ಇರಬೇಕಾಗಿಲ್ಲ ಎಂಬ ತಿಳಿವಳಿಕೆ ನಮ್ಮ ಪರಂಪರೆಗೆ ಹೊಸದಲ್ಲ. ಆದರೆ ಶಾಲೆಯ ಇಂಗ್ಲಿಷ್ ಪರೀಕ್ಷೆಯ ಸಂದರ್ಭದಲ್ಲಿ ನಾವು ಇದನ್ನು ಮರೆಯುತ್ತೇವೆ. ಕಲ್ಯಾಣ–ಡೊಂಬಿವಲಿ ಪರಿಸರದ ಕನ್ನಡ ಮಾಧ್ಯಮದ ಪ್ರೌಢಶಾಲಾ ವಿದ್ಯಾರ್ಥಿಗಳ ಇಂಗ್ಲಿಷ್ ಆಲಿಸುವಿಕೆ ಹಾಗೂ ಓದನ್ನು ಅಳೆಯುವಾಗ ಯಾವ ಎಚ್ಚರಗಳು ಅಗತ್ಯವೆಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

2

ಹೊರನಾಡಿನ ಸಂಶೋಧಕರಿಗಾಗಿ ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬೇಕಾಗುತ್ತದೆ. ಮುಂಬಯಿಗೆ ವಲಸೆ ಬಂದ ಕನ್ನಡಿಗರಲ್ಲಿ ಕರಾವಳಿಯ ತುಳು ಭಾಷಿಕರು ದೊಡ್ಡ ಪಾಲು. ಉತ್ತರ ಕರ್ನಾಟಕದಿಂದ ದುಡಿಮೆಗಾಗಿ ಬಂದವರು ಮತ್ತೊಂದು ಪಾಲು. ಹಗಲು ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರಿಗಾಗಿ ನಡೆದ ಕನ್ನಡ ರಾತ್ರಿಶಾಲೆಗಳು ಮುಂಬಯಿ ಕನ್ನಡಿಗರ ಚರಿತ್ರೆಯ ಹೆಮ್ಮೆಯ ಅಧ್ಯಾಯ. ನಗರದ ಬಾಡಿಗೆ ಏರಿದಂತೆ ಕುಟುಂಬಗಳು ಮಧ್ಯ ರೈಲ್ವೆಯ ಹಾದಿಯಲ್ಲಿ ಠಾಣೆ, ಡೊಂಬಿವಲಿ, ಕಲ್ಯಾಣಗಳಿಗೆ ಸರಿದವು. ಸಂಘಗಳೂ ಶಾಲೆಗಳೂ ಅವುಗಳ ಜೊತೆಗೆ ಬಂದವು. ಡೊಂಬಿವಲಿ ಕರ್ನಾಟಕ ಸಂಘವು ನಡೆಸಿಕೊಂಡು ಬಂದ ಮಂಜುನಾಥ ವಿದ್ಯಾಲಯವು ಈ ಪರಂಪರೆಗೆ ಸೇರಿದುದು.

ಇಂಥ ಶಾಲೆಯ ಮಗುವಿನ ಭಾಷಾಜಗತ್ತು ನಾಲ್ಕು ಪದರಗಳದು. ಮನೆಯಲ್ಲಿ ತುಳು, ಕೊಂಕಣಿ ಅಥವಾ ಕನ್ನಡದ ಒಂದು ಪ್ರಾದೇಶಿಕ ರೂಪ, ತರಗತಿಯಲ್ಲಿ ಗ್ರಂಥಸ್ಥ ಕನ್ನಡ, ಬೀದಿಯಲ್ಲಿ ಮರಾಠಿ ಮತ್ತು ಹಿಂದಿ, ಪುಸ್ತಕದಲ್ಲಿ ಇಂಗ್ಲಿಷ್. ಮಹಾರಾಷ್ಟ್ರದಲ್ಲಿ 2000ದಿಂದ ಎಲ್ಲ ಮಾಧ್ಯಮಗಳ ಶಾಲೆಗಳಲ್ಲಿಯೂ ಒಂದನೆಯ ಇಯತ್ತೆಯಿಂದಲೇ ಇಂಗ್ಲಿಷನ್ನು ಕಲಿಸಲಾಗುತ್ತಿದೆ. 2020ರ ಕಾಯ್ದೆಯು ಮರಾಠಿಯನ್ನು ಎಲ್ಲ ಶಾಲೆಗಳಲ್ಲಿ ಕಡ್ಡಾಯಗೊಳಿಸಿತು. ಹತ್ತನೆಯ ಇಯತ್ತೆಯ ಬಳಿಕ ಈ ಮಗು ವಿಜ್ಞಾನ ಅಥವಾ ವಾಣಿಜ್ಯವನ್ನು ಆರಿಸಿಕೊಂಡರೆ ಜ್ಯೂನಿಯರ್ ಕಾಲೇಜಿನ ಪಾಠಗಳನ್ನು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿಯೇ ಕೇಳಬೇಕು. ಹತ್ತು ವರ್ಷ ಹೆಚ್ಚಾಗಿ ಕಣ್ಣಿನಿಂದ ಕಲಿತ ಭಾಷೆಯನ್ನು ಒಂದು ಜೂನ್ ತಿಂಗಳಲ್ಲಿ ಒಮ್ಮೆಗೇ ಕಿವಿಯಿಂದ ಕಲಿಯಬೇಕಾದ ಸ್ಥಿತಿ ಅದು.

ಇದು ಕೇವಲ ಶೈಕ್ಷಣಿಕ ಪ್ರಶ್ನೆಯಲ್ಲ. ಪಾಲಕರು ಕನ್ನಡ ಮಾಧ್ಯಮದ ಶಾಲೆಯನ್ನು ಬಿಡುವಾಗ ಕೊಡುವ ಮೊದಲ ಕಾರಣ ‘ಇಲ್ಲಿಯ ಮಕ್ಕಳಿಗೆ ಇಂಗ್ಲಿಷ್ ಬರುವುದಿಲ್ಲ’ ಎಂಬುದು. ಈ ತೀರ್ಪು ಯಾವ ಅಳತೆಯಿಂದ ಬಂದಿತು ಎಂದು ಯಾರೂ ಕೇಳುವುದಿಲ್ಲ. ಅಳತೆಗೋಲು ತಪ್ಪಾಗಿದ್ದರೆ ಒಂದು ಮಗುವಿನ ಭವಿಷ್ಯ ಮಾತ್ರವಲ್ಲ, ಒಂದು ಶಾಲೆಯ ಅಳಿವು ಉಳಿವು ಕೂಡ ತಪ್ಪು ಆಧಾರದ ಮೇಲೆ ನಿಂತಂತಾಗುತ್ತದೆ.

3

ಪರೀಕ್ಷೆಯೊಂದು ತಾನು ಅಳೆಯುತ್ತೇನೆಂದು ಹೇಳಿಕೊಂಡುದನ್ನೇ ಅಳೆಯುವ ಗುಣಕ್ಕೆ ಶಿಕ್ಷಣಶಾಸ್ತ್ರದಲ್ಲಿ ಸಪ್ರಮಾಣತೆ ಎಂದು ಹೆಸರು. ನಮ್ಮ ಶಾಲೆಗಳಲ್ಲಿ ಇಂಗ್ಲಿಷ್ ಓದಿನ ಪರೀಕ್ಷೆಯೆಂದರೆ ಬಹುಮಟ್ಟಿಗೆ ಗಟ್ಟಿಯಾಗಿ ಓದಿಸುವುದು. ಇದು ಅಕ್ಷರವನ್ನು ಧ್ವನಿಯಾಗಿಸುವ ಶಕ್ತಿಯನ್ನು ಅಳೆಯುತ್ತದೆಯೇ ಹೊರತು ಅರ್ಥಗ್ರಹಣವನ್ನಲ್ಲ. ಗಫ್ ಮತ್ತು ಟನ್ಮರ್ 1986ರಲ್ಲಿ ಮಂಡಿಸಿದ ಸರಳ ಸೂತ್ರದ ಪ್ರಕಾರ ಓದಿನ ಗ್ರಹಿಕೆಯು ಎರಡು ಅಂಶಗಳ ಗುಣಲಬ್ಧ: ಲಿಪಿಯನ್ನು ಬಿಡಿಸುವ ಶಕ್ತಿ ಒಂದು, ಭಾಷೆಯನ್ನು ಕೇಳಿ ತಿಳಿಯುವ ಶಕ್ತಿ ಇನ್ನೊಂದು. ಮೊತ್ತವೆನ್ನದೆ ಗುಣಲಬ್ಧವೆಂದುದರ ಮರ್ಮವನ್ನು ಗಮನಿಸಬೇಕು. ಎರಡರಲ್ಲಿ ಒಂದು ಸೊನ್ನೆಯಾದರೆ ಫಲವೂ ಸೊನ್ನೆಯೇ.

ಕನ್ನಡದ ಮಗುವಿಗೆ ಇಲ್ಲಿ ವಿಶೇಷವಾದ ತೊಡಕಿದೆ. ಕನ್ನಡ ಲಿಪಿಯಲ್ಲಿ ಅಕ್ಷರಗಳ ಸಂಖ್ಯೆ ಹೆಚ್ಚು. ಗುಣಿತಾಕ್ಷರ, ಒತ್ತಕ್ಷರಗಳ ಕಲಿಕೆಗೆ ಹಲವು ವರ್ಷಗಳು ಬೇಕಾಗುತ್ತವೆಂಬುದನ್ನು ಸೋನಾಲಿ ನಾಗ್ ಅವರ 2007ರ ಅಧ್ಯಯನವು ತೋರಿಸಿದೆ. ಆದರೆ ಒಮ್ಮೆ ಕಲಿತರೆ ಬರೆಹಕ್ಕೂ ಉಚ್ಚಾರಣೆಗೂ ಹೆಚ್ಚಿನ ಅಂತರ ಉಳಿಯುವುದಿಲ್ಲ. ಈ ಅಭ್ಯಾಸದಿಂದ ಬಂದ ಮಗು ಇಂಗ್ಲಿಷಿನ ಕಾಗುಣಿತವನ್ನೂ ಅದೇ ನಂಬಿಕೆಯಿಂದ ಬಿಡಿಸುತ್ತದೆ. ಅದರ ಓದು ಕಿವಿಗೆ ಸರಾಗವಾಗಿ ಕೇಳಿಸುತ್ತದೆ; ಅರ್ಥ ಮಾತ್ರ ಹಿಂದೆ ಉಳಿದಿರುತ್ತದೆ. ನಾವು ಈ ಊರುಗಳ ಕೆಲವು ತರಗತಿಗಳಲ್ಲಿ ಕುಳಿತು ಕೇಳಿದಾಗ, ಪುಟವನ್ನು ನಿರರ್ಗಳವಾಗಿ ಓದಿ ಮುಗಿಸಿದ ವಿದ್ಯಾರ್ಥಿ ಅದರ ಸಾರವನ್ನು ಕನ್ನಡದಲ್ಲಿ ಒಂದು ವಾಕ್ಯವಾಗಿಯೂ ಹೇಳಲಾರದ ಪ್ರಸಂಗಗಳನ್ನು ಕಂಡಿದ್ದೇವೆ. ಅಕ್ಷರಗಳಲ್ಲಿ ತಡವರಿಸಿದರೂ ಅದೇ ಪುಟವನ್ನು ಓದಿ ಹೇಳಿದಾಗ ಕಥೆಯನ್ನು ಹಿಡಿದ ವಿದ್ಯಾರ್ಥಿಗಳನ್ನೂ ಕಂಡಿದ್ದೇವೆ. ಗಟ್ಟಿ ಓದಿನ ಪರೀಕ್ಷೆಯು ಮೊದಲನೆಯವನನ್ನು ಜಾಣನೆಂದೂ ಎರಡನೆಯವನನ್ನು ದಡ್ಡನೆಂದೂ ದಾಖಲಿಸುತ್ತದೆ.

4

ಆಲಿಸುವಿಕೆಯ ಪರೀಕ್ಷೆಗೆ ಬೇರೆಡೆಯ ಸಿದ್ಧ ಸಾಮಗ್ರಿಯನ್ನು ತರುವುದು ಈಗ ಸುಲಭ. ಪೂರ್ವ ಏಷ್ಯದ, ಅದರಲ್ಲೂ ಚೀನೀ ಭಾಷಿಕ ವಿದ್ಯಾರ್ಥಿಗಳಿಗಾಗಿ ಸಿದ್ಧವಾದ ಸಾಮಗ್ರಿ ಹೇರಳವಾಗಿದೆ. ಚೀನಾದ ಕಾಲೇಜು ಪ್ರವೇಶ ಪರೀಕ್ಷೆಯ ರಾಷ್ಟ್ರೀಯ ಇಂಗ್ಲಿಷ್ ಪತ್ರಿಕೆಯ 150 ಅಂಕಗಳಲ್ಲಿ ಸಾಮಾನ್ಯವಾಗಿ 30 ಅಂಕಗಳು ಆಲಿಸುವಿಕೆಗೆ ಮೀಸಲಾಗಿರುವುದರಿಂದ ಅಲ್ಲಿ ಇದೊಂದು ಬೆಳೆದ ಶಾಸ್ತ್ರ. ಆದರೆ ಆ ಸಾಮಗ್ರಿಯನ್ನು ಹಾಗೆಯೇ ಬಳಸಬಹುದೆ?

ರಾಬರ್ಟ್ ಲ್ಯಾಡೋ 1961ರ ತನ್ನ ಭಾಷಾ ಪರೀಕ್ಷಣದ ಗ್ರಂಥದಲ್ಲಿ, ಕಲಿಯುವವನ ಭಾಷೆಗೂ ಕಲಿಯಬೇಕಾದ ಭಾಷೆಗೂ ಭೇದವಿರುವ ಎಡೆಗಳಲ್ಲಿಯೇ ಪ್ರಶ್ನೆಗಳನ್ನು ಇಡಬೇಕೆಂದು ಪ್ರತಿಪಾದಿಸಿದನು. ಈ ವಾದದ ಮಿತಿಗಳು ಅನಂತರ ಚರ್ಚೆಗೆ ಬಂದಿವೆಯಾದರೂ ಧ್ವನಿಗಳ ಮಟ್ಟದಲ್ಲಿ ಅದು ಇಂದಿಗೂ ಉಪಯುಕ್ತ. ಹಡಗನ್ನು ಹೇಳುವ ‘ಶಿಪ್’, ಕುರಿಯನ್ನು ಹೇಳುವ ‘ಶೀಪ್’ ಇವುಗಳ ಭೇದವು ಚೀನೀ ಭಾಷಿಕರಿಗೆ ಕಷ್ಟವೆಂದು ಹೇಳಲಾಗುತ್ತದೆ. ‘ಬಿಡು’, ‘ಬೀಡು’ಗಳನ್ನು ದಿನವೂ ಬೇರ್ಪಡಿಸುವ ಕನ್ನಡದ ಕಿವಿಗೆ ಇದು ಪರೀಕ್ಷೆಯೇ ಅಲ್ಲ. ಅದಕ್ಕೆ ನಿಜವಾದ ಪರೀಕ್ಷೆ ಬೇರೆಡೆಯಿದೆ. ಪದಾದಿಯ ತಾಲವ್ಯ ಸ್ವರಕ್ಕೆ ಯಕಾರವನ್ನು ಬೆರೆಸುವ ನಮ್ಮ ರೂಢಿಯಿಂದಾಗಿ ಕಿವಿಯನ್ನು ಹೇಳುವ ಇಂಗ್ಲಿಷ್ ಪದವೂ ವರ್ಷವನ್ನು ಹೇಳುವ ಪದವೂ ಒಂದೇ ಆಗಿ ಕೇಳಿಸುತ್ತವೆ. ಪಶ್ಚಿಮ ದಿಕ್ಕನ್ನೂ ಒಳ ಅಂಗಿಯನ್ನೂ ಹೇಳುವ ಎರಡು ಬೇರೆ ಪದಗಳನ್ನು ಕನ್ನಡ ಲಿಪಿಯು ‘ವೆಸ್ಟ್’ ಎಂದು ಒಂದೇ ರೂಪದಲ್ಲಿ ಬರೆಯುತ್ತದೆ. ಲಿಪಿಯಲ್ಲಿಲ್ಲದ ಭೇದವನ್ನು ಕಿವಿಯೂ ಗುರುತಿಸಲು ಹಿಂಜರಿಯುತ್ತದೆ.

ಕೆಲವು ತೊಡಕುಗಳು ಎರಡೂ ಸಮುದಾಯಗಳಿಗೆ ಸಮಾನ. ಮ್ಯಾಂಡರಿನ್ ಭಾಷೆಯಲ್ಲಿ ಅನುನಾಸಿಕ ಮೊದಲಾದ ಒಂದೆರಡನ್ನು ಬಿಟ್ಟರೆ ವ್ಯಂಜನಗಳು ಪದಾಂತ್ಯದಲ್ಲಿ ಬರುವುದಿಲ್ಲ. ಕನ್ನಡವು ಎರವಲು ಪದಗಳಿಗೂ ಸ್ವರವನ್ನು ಸೇರಿಸಿ ‘ಬಸ್ಸು’, ‘ಬ್ಯಾಂಕು’ ಎಂದು ಮಾಡಿಕೊಳ್ಳುತ್ತದೆ. ಹೀಗಾಗಿ ಇಂಗ್ಲಿಷ್ ಭೂತಕಾಲದ ಕ್ರಿಯಾಪದದ ಕೊನೆಯ ವ್ಯಂಜನವು ಇಬ್ಬರ ಕಿವಿಗೂ ಜಾರಿಹೋಗುತ್ತದೆ. ವಾಕ್ಯರಚನೆಯಲ್ಲಿಯೂ ಒಂದು ಸ್ವಾರಸ್ಯವಾದ ಸಾಮ್ಯವಿದೆ. ‘ಅಂಗಡಿಯವನನ್ನು ಕಂಡ ಹುಡುಗ’ ಎಂಬಲ್ಲಿ ವಿಶೇಷಣವಾಕ್ಯವು ನಾಮಪದದ ಹಿಂದೆಯೇ ಬರುವಂತೆ ಚೀನೀ ಭಾಷೆಯಲ್ಲಿಯೂ ಬರುತ್ತದೆ. ಇಂಗ್ಲಿಷಿನಲ್ಲಿ ಅದು ನಾಮಪದದ ಅನಂತರ. ‘ದಿ ಬಾಯ್ ಹೂ ಮೆಟ್ ದಿ ಶಾಪ್‌ಕೀಪರ್ ಲಾಸ್ಟ್ ಹಿಸ್ ಬ್ಯಾಗ್’ ಎಂಬ ವಾಕ್ಯವನ್ನು ಕೊಟ್ಟು ಚೀಲ ಕಳೆದುಕೊಂಡವರು ಯಾರೆಂದು ಕೇಳಿದರೆ, ಕ್ರಿಯಾಪದಕ್ಕೆ ಹತ್ತಿರವಿರುವ ಅಂಗಡಿಯವನನ್ನೇ ಹೆಸರಿಸುವ ಸಂಭವವಿದೆ. ಇಂಥ ಪ್ರಶ್ನೆಯು ಪದಜ್ಞಾನವನ್ನಲ್ಲದೆ ವಾಕ್ಯಜ್ಞಾನವನ್ನು ನಿಜವಾಗಿ ಅಳೆಯುತ್ತದೆ.

5

ಸ್ಥಳೀಯ ಸಾಮಗ್ರಿಯನ್ನು ಬಳಸುವುದು ಇದಕ್ಕೆ ಪರಿಹಾರವೆಂದು ತೋರಬಹುದು. ಅದರಲ್ಲಿಯೂ ಅಪಾಯವುಂಟು. ರೈಲು ನಿಲ್ದಾಣದ ಪ್ರಕಟಣೆಯನ್ನು ಆಲಿಸುವಿಕೆಯ ಪಾಠವಾಗಿಸಿದೆವೆಂದು ಭಾವಿಸೋಣ. ಕಸಾರಾ ಕಡೆಗೆ ಹೋಗುವ ವೇಗದ ಲೋಕಲ್ ಗಾಡಿಯ ಬಗೆಗೆ ಇಂಗ್ಲಿಷ್ ಪ್ರಕಟಣೆಯನ್ನು ಕೇಳಿಸಿ, ಬದ್ಲಾಪುರಕ್ಕೆ ಹೋಗಬೇಕಾದವನು ಅದನ್ನು ಹತ್ತಬಹುದೆ ಎಂದು ಪ್ರಶ್ನಿಸುತ್ತೇವೆ. ಕಲ್ಯಾಣದಲ್ಲಿ ಹಳಿಗಳು ಕವಲೊಡೆಯುತ್ತವೆ, ಬದ್ಲಾಪುರ ಇರುವುದು ಕರ್ಜತ್ ಕವಲಿನಲ್ಲಿ ಎಂಬುದು ಇಲ್ಲಿಯ ಮಗುವಿಗೆ ಗೊತ್ತು. ಅದು ಸರಿಯಾದ ಉತ್ತರವನ್ನೇ ಕೊಡುತ್ತದೆ. ಆದರೆ ಅಳೆದದ್ದು ಊರಿನ ಪರಿಚಯವನ್ನು, ಇಂಗ್ಲಿಷನ್ನಲ್ಲ. ನಿಲ್ದಾಣದಲ್ಲಿ ಪ್ರಕಟಣೆಗಳು ಮರಾಠಿ, ಹಿಂದಿಗಳಲ್ಲಿಯೂ ಕೇಳಿಬರುವುದರಿಂದ ಇಂಗ್ಲಿಷ್ ಕೇಳುವ ಅಗತ್ಯವೂ ಮಗುವಿಗೆ ಬೀಳುವುದಿಲ್ಲ. ಆದ್ದರಿಂದ ಪ್ರಶ್ನೆಯು ಪಾಠವನ್ನು ಕೇಳದೆಯೂ ಉತ್ತರಿಸಬಹುದಾದುದೇ ಎಂದು ಮೊದಲು ಪರಿಶೀಲಿಸಬೇಕು. ಪಾಠ ಕೇಳದ ನಾಲ್ಕಾರು ಮಕ್ಕಳಿಗೆ ಪ್ರಶ್ನೆಗಳನ್ನಷ್ಟೇ ಕೊಟ್ಟು ನೋಡುವುದೇ ಇದರ ಸುಲಭ ವಿಧಾನ.

ಉತ್ತರದ ಭಾಷೆಯೂ ಮುಖ್ಯ. ಕೇಳಿದುದು ತಿಳಿದಿದ್ದರೂ ಇಂಗ್ಲಿಷಿನಲ್ಲಿ ಬರೆಯಲಾರದ ಮಗುವಿಗೆ ಅಂಕ ಹೋದರೆ ಅಲ್ಲಿ ಅಳೆದುದು ಬರವಣಿಗೆಯನ್ನು. ‘ಅಸರ್’ ಸಮೀಕ್ಷೆಯ ಇಂಗ್ಲಿಷ್ ವಿಭಾಗದಲ್ಲಿ ವಾಕ್ಯವನ್ನು ಓದಿದ ಮಗುವಿಗೆ ಅದರ ಅರ್ಥವನ್ನು ತನ್ನ ಭಾಷೆಯಲ್ಲಿ ಹೇಳಲು ಅವಕಾಶವಿರುವುದು ಅನುಕರಣೀಯ.

ಕರ್ನಾಟಕದಲ್ಲಿಯೇ ಈ ವಿಷಯಕ್ಕೆ ಒಂದು ಪೂರ್ವೋದಾಹರಣೆ ಇದೆ. ಎನ್. ಎಸ್. ಪ್ರಭು ಅವರು ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ನೆರವಿನಿಂದ 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗವು ‘ಬೆಂಗಳೂರು ಯೋಜನೆ’ ಎಂದು ಪ್ರಸಿದ್ಧವಾಗಿದೆ. ವ್ಯಾಕರಣ ಪಾಠದ ಬದಲಿಗೆ ಅರ್ಥಪೂರ್ಣ ಚಟುವಟಿಕೆಗಳ ಮೂಲಕ ಇಂಗ್ಲಿಷನ್ನು ಕಲಿಸುವುದು ಅದರ ತತ್ತ್ವ. ಬೆರೆಟ್ಟಾ ಮತ್ತು ಡೇವಿಸ್ ಅದರ ಫಲಿತಾಂಶವನ್ನು ಮೌಲ್ಯಮಾಪನ ಮಾಡಿ 1985ರಲ್ಲಿ ಪ್ರಕಟಿಸಿದರು. ಯಾವ ಬೋಧನಕ್ರಮಕ್ಕೂ ಪಕ್ಷಪಾತ ಮಾಡದ ಪರೀಕ್ಷೆಗಳಾಗಿ ಅವರು ಆರಿಸಿಕೊಂಡವುಗಳಲ್ಲಿ ಆಲಿಸುವಿಕೆ–ಓದಿನ ಗ್ರಹಿಕೆಯ ಪರೀಕ್ಷೆಯೂ ಒಂದು. ತಟಸ್ಥ ಪರೀಕ್ಷೆಗಳು ಬಹುಮಟ್ಟಿಗೆ ಹೊಸ ಕ್ರಮಕ್ಕೆ ಅನುಕೂಲವಾಗಿದ್ದರೂ, ವಿದ್ಯಾರ್ಥಿಗಳನ್ನು ಯಾದೃಚ್ಛಿಕವಾಗಿ ವಿಂಗಡಿಸಿರಲಿಲ್ಲವಾದ್ದರಿಂದ ಅವರು ತಮ್ಮ ನಿರ್ಣಯವನ್ನು ಎಚ್ಚರಿಕೆಯಿಂದಲೇ ಹೇಳಿದರು. ಪರೀಕ್ಷೆಯ ಸ್ವರೂಪವೇ ಫಲಿತಾಂಶವನ್ನು ಒಂದು ಕಡೆಗೆ ಎಳೆಯಬಲ್ಲದೆಂಬುದು ನಾವು ಅದರಿಂದ ಕಲಿಯಬೇಕಾದ ಪಾಠ.

6

ಇವೆಲ್ಲವನ್ನೂ ಗಮನದಲ್ಲಿರಿಸಿ ಸಣ್ಣ ಶಾಲೆಯೂ ನಡೆಸಬಹುದಾದ ಒಂದು ಕ್ರಮವನ್ನು ಸೂಚಿಸಬಹುದು. ಸಮಾನ ಕಾಠಿಣ್ಯದ ಎರಡು ಇಂಗ್ಲಿಷ್ ಗದ್ಯಭಾಗಗಳನ್ನು ಆಯ್ದುಕೊಳ್ಳಬೇಕು. ತರಗತಿಯ ಅರ್ಧ ಮಂದಿ ಮೊದಲನೆಯದನ್ನು ಕೇಳಿ ಎರಡನೆಯದನ್ನು ಓದಲಿ; ಉಳಿದವರು ಮೊದಲನೆಯದನ್ನು ಓದಿ ಎರಡನೆಯದನ್ನು ಕೇಳಲಿ. ಕೇಳುವವರಿಗೆ ಪಾಠವನ್ನು ಎರಡು ಸಲ ಕೇಳಿಸಿ, ಓದುವವರಿಂದ ಉತ್ತರಕ್ಕೆ ಮೊದಲು ಹಾಳೆಯನ್ನು ಹಿಂದಕ್ಕೆ ಪಡೆದರೆ ಸ್ಮರಣೆಯ ಹೊರೆ ಹೆಚ್ಚುಕಡಿಮೆ ಸಮವಾಗುತ್ತದೆ. ಪ್ರಶ್ನೆಗಳೂ ಉತ್ತರಗಳೂ ಕನ್ನಡದಲ್ಲಿರಲಿ. ಇದೇ ಮಟ್ಟದ ಒಂದು ಕನ್ನಡ ಗದ್ಯಭಾಗವನ್ನೂ ಕೊಟ್ಟು ಹೋಲಿಕೆಗೆ ಆಧಾರ ಮಾಡಿಕೊಳ್ಳಬೇಕು.

ಓದಿನ ಅಂಕಗಳು ಹೆಚ್ಚಿದ್ದು ಆಲಿಸುವಿಕೆಯ ಅಂಕಗಳು ಕಡಿಮೆಯಿದ್ದರೆ ಕಿವಿಗೆ ಅಭ್ಯಾಸ ಬೇಕೆಂದು ಅರ್ಥ. ಜ್ಯೂನಿಯರ್ ಕಾಲೇಜಿನಲ್ಲಿ ಮೊದಲು ಎಡವುವವರು ಇವರೇ. ಆಲಿಸುವಿಕೆ ಹೆಚ್ಚಿದ್ದು ಓದು ಕಡಿಮೆಯಾದರೆ ದೋಷವಿರುವುದು ಇಂಗ್ಲಿಷ್ ಕಾಗುಣಿತದ ಬೋಧನೆಯಲ್ಲಿ. ಎರಡೂ ಕಡಿಮೆಯಾಗಿ ಕನ್ನಡದ ಅಂಕಗಳು ಚೆನ್ನಾಗಿದ್ದರೆ ಇಂಗ್ಲಿಷ್ ಪದಸಂಪತ್ತು, ವಾಕ್ಯಜ್ಞಾನಗಳ ಕಡೆಗೆ ಗಮನ ಕೊಡಬೇಕು. ಕನ್ನಡದಲ್ಲಿಯೂ ಅಂಕಗಳು ಕಡಿಮೆಯಾದರೆ ಇಂಗ್ಲಿಷನ್ನು ದೂರುವ ಮೊದಲು, ಶಾಲೆಯ ಗ್ರಂಥಸ್ಥ ಕನ್ನಡವು ಆ ಮಗುವಿಗೆ ಎಷ್ಟರಮಟ್ಟಿಗೆ ಮನೆಮಾತು ಎಂದು ಕೇಳಿಕೊಳ್ಳಬೇಕು. ತುಳು ಮನೆಮಾತಿನ ಮಗುವಿಗೆ ಕನ್ನಡವೇ ಶಾಲೆಯಲ್ಲಿ ಕಲಿತ ಭಾಷೆ.

ಒಂದು ಮಿತಿಯನ್ನು ಹೇಳಲೇಬೇಕು. ನಾಲ್ಕು ಆಯ್ಕೆಗಳ ಹನ್ನೆರಡು ಪ್ರಶ್ನೆಗಳಲ್ಲಿ ಬರಿಯ ಊಹೆಯಿಂದಲೇ ಸರಾಸರಿ 3 ಉತ್ತರಗಳು ಸರಿಯಾಗುತ್ತವೆ. ಆದ್ದರಿಂದ 3 ಅಥವಾ 4 ಅಂಕ ಏನನ್ನೂ ಹೇಳುವುದಿಲ್ಲ. ಹದಿನೈದಿಪ್ಪತ್ತು ಮಕ್ಕಳ ತರಗತಿಯ ಸರಾಸರಿಯೂ ಒಂದೇ ಸಲದ ಪರೀಕ್ಷೆಯಲ್ಲಿ ನಂಬಲರ್ಹವಲ್ಲ. ವರ್ಷದಲ್ಲಿ ಹಲವು ಸಲ, ಬೇರೆ ಬೇರೆ ಗದ್ಯಭಾಗಗಳಿಂದ ಪರೀಕ್ಷಿಸಬೇಕು.

ಮಹಾರಾಷ್ಟ್ರದ ಹತ್ತನೆಯ ಇಯತ್ತೆಯ ಪರೀಕ್ಷೆಯ ಒಂದು ಘಟನೆ ಇಲ್ಲಿ ಸ್ಮರಣೀಯ. ಶಾಲೆಯ ಮಟ್ಟದಲ್ಲಿ ಕೊಡುತ್ತಿದ್ದ 20 ಅಂಕಗಳನ್ನು 2019ರ ಪರೀಕ್ಷೆಯಲ್ಲಿ ಕೈಬಿಟ್ಟಾಗ, ಹಿಂದಿನ ವರ್ಷ ಶೇಕಡ 89.41ರಷ್ಟಿದ್ದ ಉತ್ತೀರ್ಣತೆಯು 77.10ಕ್ಕೆ ಇಳಿಯಿತು, ಮುಂದಿನ ವರ್ಷ ಆ ಅಂಕಗಳು ಮರಳಿ ಬಂದವು. ಇಳಿಕೆಗೆ ಹೊಸ ಪಠ್ಯಕ್ರಮ, ಹೊಸ ಪ್ರಶ್ನೆಪತ್ರಿಕೆಗಳೂ ಕಾರಣವಾಗಿರಬಹುದು. ಆದರೂ ಮೌಖಿಕ ಪರೀಕ್ಷೆಯ ಅಂಕಗಳನ್ನು ನಾವು ಅಳತೆಯಾಗಿ ಅಲ್ಲ, ಆಸರೆಯಾಗಿ ಬಳಸುತ್ತ ಬಂದಿದ್ದೇವೆಂಬ ಸಂದೇಹ ಅದರಿಂದ ಬಲವಾಗುತ್ತದೆ. ಮಗುವಿನ ಕಿವಿಯನ್ನು ಅಳೆಯಲು ಶಾಲೆಗೆ ದೊರೆತ ಅವಕಾಶ ಆ 20 ಅಂಕಗಳೇ.

ಹೊರನಾಡ ಕನ್ನಡ ಶಾಲೆಗಳನ್ನು ಅಭ್ಯಾಸ ಮಾಡುವ ಸಂಶೋಧಕರು ಇಂಗ್ಲಿಷ್ ಅಂಕಗಳನ್ನು ದಾಖಲಿಸುವಾಗ ನಾಲ್ಕು ವಿವರಗಳನ್ನು ಜೊತೆಗೆ ಬರೆದಿಡಬೇಕೆಂಬುದು ನಮ್ಮ ವಿನಂತಿ: ಮಗು ಕೇಳಿತೋ ಓದಿತೋ, ಯಾವ ಭಾಷೆಯಲ್ಲಿ ಉತ್ತರಿಸಿತು, ಅದರ ಮನೆಮಾತು ಯಾವುದು, ಪಾಠವಿಲ್ಲದೆಯೂ ಪ್ರಶ್ನೆಗೆ ಉತ್ತರ ಸಾಧ್ಯವಿತ್ತೆ. ಈ ವಿವರಗಳಿಲ್ಲದ ಅಂಕಪಟ್ಟಿಯಿಂದ ಕನ್ನಡ ಮಾಧ್ಯಮವು ಇಂಗ್ಲಿಷಿಗೆ ಅಡ್ಡಿಯೆಂದಾಗಲಿ ಅಡ್ಡಿಯಲ್ಲವೆಂದಾಗಲಿ ನಿರ್ಣಯಿಸಲು ಬರುವುದಿಲ್ಲ.