ಗಾಳಿ ತಳ್ಳೋದಷ್ಟೇ ಅಲ್ಲ, ಎತ್ತುತ್ತೆ

2024ರ ನವೆಂಬರ್ 30ರಂದು ಫೆಂಗಲ್ ಚಂಡಮಾರುತ ಪುದುಚೇರಿ ಬಳಿ ದಡ ಮುಟ್ಟಿತು. ನಮ್ಮ ಮೈಸೂರಿಗೆ ಬಂದದ್ದು ಮಳೆ. ಬಿಸಿ ಸಮುದ್ರವೇ ಚಂಡಮಾರುತದ ಇಂಧನ. ನೆಲ ಹತ್ತಿದ ಮೇಲೆ ಸೊರಗುತ್ತೆ. ಹಾಗಂತ ನಾವು ನಿಶ್ಚಿಂತೆಯಿಂದ ಇರೋ ಹಾಗಿಲ್ಲ. ನಮ್ಮ ಬಿರುಗಾಳಿ ಬರೋದು ಏಪ್ರಿಲ್-ಮೇ ಸಂಜೆ, ಗುಡುಗಿನ ಜೊತೆ. ಅರ್ಧ ಗಂಟೆ ಸಾಕು: ಮರದ ಕೊಂಬೆ ಕರೆಂಟ್ ತಂತಿ ಮೇಲೆ, ನಮ್ಮ ಶೀಟು ಪಕ್ಕದ ಮನೆ ಅಂಗಳದಲ್ಲಿ.

ಶೀಟಿನ ಮೇಲೆ ಕಲ್ಲು ಹೇರಿ ಧೈರ್ಯವಾಗಿ ಮಲಗೋರಿಗೆ ನಾನು ಇಂಜಿನಿಯರಿಂಗ್‌ನಲ್ಲಿ ಕಲಿತ ಒಂದು ಲೆಕ್ಕ ಹೇಳ್ತೀನಿ. ಗಾಳಿಯ ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟಾಗುತ್ತೆ. ಮೇಲೆ ಹಾಯುವ ಗಾಳಿ ಶೀಟನ್ನು ಸೆಳೆಯುತ್ತೆ, ಸೂರಿನಡಿ ನುಗ್ಗಿದ್ದು ಎತ್ತುತ್ತೆ. ಆಗ ಆ ಕಲ್ಲೇ ಯಾರದ್ದೋ ತಲೆ ಮೇಲೆ! ಅಂಚಿನ ಸಾಲಿಗೆ ಜೆ-ಬೋಲ್ಟ್ ಒತ್ತೊತ್ತಾಗಿ ಹಾಕಿಸಿ, ವಾಷರ್ ಸಮೇತ. ಯುಗಾದಿಗೆ ಸುಣ್ಣ ಬಳಿಸ್ತೀರಲ್ಲ, ಅದೇ ಏಣಿ ಸಾಕು.