ಹಡಗಿನ ಮಾದರಿಗೆ ಸಮುದ್ರದ ಪೀಠ

ಸಮುದ್ರವನ್ನು ಕಾಣದವರು ಸಮುದ್ರವನ್ನು ಮಾಡಬಲ್ಲರೇ ಎಂಬ ಪ್ರಶ್ನೆಯು ಅರಕೇರಾದಂತಹ ಊರಿನಲ್ಲಿ ಹುಟ್ಟುವುದು ಸಹಜವೇ ಸರಿ. ಕರಾವಳಿಯು ನಮಗೆ ಮುನ್ನೂರು ಕಿಲೋಮೀಟರಿಗೂ ದೂರ. ನಾವು ಬಲ್ಲ ನೀರೆಂದರೆ ಕೆರೆಯ ನೀರು, ಬಾವಿಯ ನೀರು, ಉತ್ತರಕ್ಕೆ ಹರಿಯುವ ಕೃಷ್ಣೆಯ ನೀರು. ನಾವು ಬಲ್ಲ ನಾವೆಯೆಂದರೆ ಅಂಬಿಗನ ಹರಿಗೋಲು. ಹೀಗಿರಲಾಗಿ, ನಮ್ಮೂರಿನ ಕೆಲವರು ಬಾಲಿಕೆಯರು ಪ್ರದರ್ಶನಕ್ಕಾಗಿ ‘ತಾರಿಣಿ’ ಎಂಬ ಹಾಯಿಹಡಗಿನ ಮಾದರಿಯೊಂದನ್ನು ಮಾಡಲು ಹೊರಟಾಗ ನಡೆದುದನ್ನು ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕ ಮಹಾಶಯರಿಗೂ ತಿಳಿಸಬೇಕೆಂದು ಈ ಲೇಖನವನ್ನು ಬರೆದಿರುವೆನು.

ತಾರಿಣಿಯು ಗೋವೆಯಲ್ಲಿ ಕಟ್ಟಲ್ಪಟ್ಟು 2017ರಲ್ಲಿ ನಮ್ಮ ನೌಕಾದಳಕ್ಕೆ ಸೇರಿದ ಸುಮಾರು 17 ಮೀಟರ್ ಉದ್ದದ ನಾವೆ. ಲೆಫ್ಟಿನೆಂಟ್ ಕಮಾಂಡರ್ ವರ್ತಿಕಾ ಜೋಶಿಯವರ ನಾಯಕತ್ವದಲ್ಲಿ ಆರು ಮಂದಿ ಮಹಿಳಾ ಅಧಿಕಾರಿಗಳು ಅದನ್ನೇರಿ, 2017ರ ಸೆಪ್ಟೆಂಬರ್ 10ರಂದು ಗೋವೆಯಿಂದ ಹೊರಟು, ಭೂಮಂಡಲವನ್ನೇ ಸುತ್ತಿ, 2018ರ ಮೇ 21ರಂದು ಅಲ್ಲಿಗೇ ಮರಳಿದರು. ಬಾಲಿಕೆಯರಿಗೆ ಇದಕ್ಕಿಂತ ಮೆಚ್ಚಿನ ಹಡಗು ಮತ್ತಾವುದಿದ್ದೀತು? ಐವತ್ತಕ್ಕೆ ಒಂದರ ಪ್ರಮಾಣದಲ್ಲಿ 34 ಸೆಂಟಿಮೀಟರ್ ಉದ್ದದ ಮಾದರಿಯು ಸೊಗಸಾಗಿಯೇ ಸಿದ್ಧವಾಯಿತು. ಚಿತ್ರವನ್ನು ನೋಡಿ ಹಾಯಿಗಳನ್ನೂ ಕಟ್ಟಿದರು. ತೊಡಕೆಲ್ಲ ಬಂದದ್ದು ಕೆಳಗಿನ ನೀರಿನಲ್ಲಿ.

ಮೊದಲು ಮಾಡಿದ ಪೀಠವನ್ನು ನೆನೆದರೆ ನನಗೆ ಈಗಲೂ ನಾಚಿಕೆಯಾಗುವುದು. ಏಕೆಂದರೆ ಅದಕ್ಕೆ ಸಲಹೆ ಕೊಟ್ಟವಳು ನಾನೇ. ಹಲಗೆಯ ಮೇಲೆ ಬಟ್ಟೆ ಒಗೆಯುವ ಪಟ್ಟಿಯ ಏಣುಗಳಂತೆ ಸಾಲು ಸಾಲಾಗಿ ಅಲೆಗಳು, ಅವುಗಳ ಮೇಲೆ ಕಡುನೀಲಿ ಬಣ್ಣ, ಹಡಗಿನ ಸುತ್ತಲೂ ಹತ್ತಿಯ ನೊರೆ. ಕಾರವಾರದ ಕಡೆಯಿಂದ ಬಂದಿದ್ದ ಒಬ್ಬ ವೃದ್ಧೆಯು ಅದನ್ನು ಬಹಳ ಹೊತ್ತು ನೋಡಿ, “ಹಾಯಿಯು ಒಂದು ಗಾಳಿಯನ್ನು ಹೇಳುತ್ತದೆ, ನೀರು ಮತ್ತೊಂದನ್ನು ಹೇಳುತ್ತದೆಯಲ್ಲ ಮಗಳೇ!” ಎಂದರು. ಪೀಠವನ್ನು ಮಾಡಿದ ಹುಡುಗಿಯು ಮಾತನಾಡದೆ ಅದರ ಮೇಲೆ ಬಟ್ಟೆ ಮುಚ್ಚಿದಳು. ಮರುದಿನ, “ನಮಗೆ ಹರಿಗೋಲೇ ಸಾಕು” ಎಂದಳು. ಆ ಮಾತು ನನಗೆ ಚುಚ್ಚಿತು. ತಪ್ಪು ಅವಳು ಕಡಲನ್ನು ಕಾಣದುದರಲ್ಲಿರಲಿಲ್ಲ. ನೀರನ್ನು ನಾವು ಹಡಗಿನ ಅಲಂಕಾರವೆಂದು ಎಣಿಸಿದ್ದೆವು. ಆದರೆ ಗಾಳಿ ಎತ್ತಣಿಂದ ಬೀಸುತ್ತಿದೆ, ಹಡಗು ಎಷ್ಟು ವೇಗದಿಂದ ಸಾಗುತ್ತಿದೆ ಎಂಬುದನ್ನು ನೀರೇ ಹೇಳಬೇಕು.

ಮೊದಲು ಗಾಳಿಯ ಸಂಗತಿ. ತಾರಿಣಿಯು ದಕ್ಷಿಣ ಮಹಾಸಾಗರದಲ್ಲಿ ಪೂರ್ವಾಭಿಮುಖವಾಗಿ ಸಾಗಿ 2018ರ ಜನವರಿಯಲ್ಲಿ ಹಾರ್ನ್ ಭೂಶಿರವನ್ನು ದಾಟಿತು. ಅಲ್ಲಿ ಗಾಳಿಯು ಹೆಚ್ಚಾಗಿ ಪಶ್ಚಿಮದಿಂದಲೇ ಬೀಸುವುದು. ದೊಡ್ಡ ಅಲೆಗಳೂ ಅದರೊಡನೆಯೇ ಬರುವುವು. ಎಂದರೆ ಅಲೆಗಳು ಹಡಗನ್ನು ಹಿಂದಿನಿಂದ ಎತ್ತಬೇಕು. ನಮ್ಮ ಅಲೆಗಳಾದರೋ ಮುಂದಿನಿಂದ ಬಂದು ಮೂತಿಗೆ ಬಡಿಯುತ್ತಿದ್ದವು. ವೃದ್ಧೆಯ ಕಣ್ಣಿಗೆ ಬಿದ್ದುದು ಇದೇ.

ಎರಡನೆಯದು ಅಲೆಯ ಗಾತ್ರ. ಹತ್ತು ಸೆಕೆಂಡುಗಳಿಗೊಮ್ಮೆ ಬರುವ ಸಾಗರದ ಉಬ್ಬರದಲ್ಲಿ, ಒಂದು ಶಿಖರದಿಂದ ಮುಂದಿನ ಶಿಖರಕ್ಕೆ ಸುಮಾರು 156 ಮೀಟರ್ ಅಂತರವಿರುವುದು. ನಮ್ಮ ಪ್ರಮಾಣದಲ್ಲಿ ಅದು ಮೂರು ಮೀಟರಿಗೂ ಹೆಚ್ಚು! ನಮ್ಮ ಹಲಗೆಯ ಉದ್ದವೋ 60 ಸೆಂಟಿಮೀಟರ್. ಆದುದರಿಂದ ಪೀಠದ ಮೇಲೆ ಒಂದು ಇಡೀ ಅಲೆಗೂ ಸ್ಥಳವಿಲ್ಲ. ಅದರ ಇಳಿಜಾರಿನ ಒಂದು ತುಂಡಿಗೆ ಮಾತ್ರ ಸ್ಥಳ. ಅಲೆಯ ಎತ್ತರ ಐದು ಮೀಟರ್ ಎಂದಿಟ್ಟುಕೊಂಡರೆ, ಅತಿ ಕಡಿದಾದ ಭಾಗದಲ್ಲಿ ಹಲಗೆಯ ಒಂದು ತುದಿಯು ಇನ್ನೊಂದಕ್ಕಿಂತ ಸುಮಾರು ಆರು ಸೆಂಟಿಮೀಟರ್ ಮೇಲಿರತಕ್ಕದ್ದು. ಹೀಗೆ ಏಣುಗಳ ಸಾಲು ಹೋಗಿ, ಹಿಂಬದಿ ಎತ್ತರವಾಗಿ ಮುಂಬದಿ ತಗ್ಗಾದ ಒಂದೇ ಇಳಿಜಾರು ಬಂದಿತು. ಗಾಳಿ ಎಬ್ಬಿಸುವ ಕಿರಿಯ ಅಲೆಗಳು ಅದರ ಮೇಲೆ ಅಡ್ಡಾದಿಡ್ಡಿಯಾಗಿ ಇರಬೇಕು. ಒಂದರಂತೆ ಇನ್ನೊಂದು ಇರಬಾರದು.

ಮೂರನೆಯದು ಹಡಗು ತಾನೇ ಎಬ್ಬಿಸುವ ಅಲೆ. ಇದನ್ನು ಕಲಿಯಲು ಕಡಲಿಗೆ ಹೋಗಬೇಕಾಗಿಲ್ಲ. ಆ ಹುಡುಗಿಯನ್ನು ಕೆರೆಯ ದಂಡೆಗೆ ಕರೆದೊಯ್ದು ಈಜುವ ಬಾತುಕೋಳಿಯನ್ನು ತೋರಿಸಿದೆನು. ಅದರ ಹಿಂದೆ ಅಲೆಯ ಎರಡು ಗೆರೆಗಳು ನೇಗಿಲ ಸಾಲು ಕವಲೊಡೆದಂತೆ ಹರಡುವುವು. ನೀರು ಸಾಕಷ್ಟು ಆಳವಾಗಿದ್ದಲ್ಲಿ ಆ ಎರಡು ಗೆರೆಗಳ ನಡುವಣ ಕೋನವು ಸುಮಾರು 39 ಅಂಶ. ಬಾತುಕೋಳಿಗೂ ಅಷ್ಟೇ, ಹಡಗಿಗೂ ಅಷ್ಟೇ. ಲಾರ್ಡ್ ಕೆಲ್ವಿನ್ ಎಂಬ ವಿಜ್ಞಾನಿಯು ಇದನ್ನು 1887ರಲ್ಲಿ ಗಣಿತದಿಂದ ತೋರಿಸಿದನು. ವೇಗದೊಡನೆ ಬದಲಾಗುವುದು ಅಲೆಗಳ ಅಂತರ. ಗಂಟೆಗೆ 7 ನಾವಿಕ ಮೈಲಿನಲ್ಲಿ ಅದು ಸುಮಾರು 8 ಮೀಟರ್. 10 ನಾವಿಕ ಮೈಲಿನಲ್ಲಿ ಸುಮಾರು 17 ಮೀಟರ್, ಅಂದರೆ ತಾರಿಣಿಯ ಉದ್ದದಷ್ಟೇ. ಬಾಲಿಕೆಯರು ಏಳನ್ನು ಆರಿಸಿಕೊಂಡರು. ಅದರಂತೆ ಮೂತಿಯಲ್ಲೊಂದು, ನಡುವಿನಲ್ಲೊಂದು, ಹಿಂಬದಿಯ ಸಮೀಪದಲ್ಲೊಂದು ಉಬ್ಬು ಬಂದಿತು.

“ಇಷ್ಟು ಶ್ರಮವೇಕೆ, ಪರಾತದಲ್ಲಿ ನೀರು ಹಾಕಿ ತೇಲಿಬಿಡಬಾರದೇ?” ಎಂದು ಒಬ್ಬ ತಂದೆಯವರು ಕೇಳಿದರು. ಪ್ರಶ್ನೆಯು ಸರಿಯಾದುದೇ. ಆದರೆ ನಿಂತ ನೀರಿನಲ್ಲಿ ನಿಂತ ಹಡಗು ಅಲೆಯನ್ನೆಬ್ಬಿಸದು. ಅಲ್ಲದೆ ಹಡಗನ್ನು ಐವತ್ತು ಪಾಲು ಕಿರಿದು ಮಾಡಿದರೂ ನೀರಿನ ಹನಿಯು ಕಿರಿದಾಗದು. ನೀರಿನ ಮೇಲ್ಮೈಯ ಬಿಗಿತವೂ ಇದ್ದಂತೆಯೇ ಇರುವುದು.

ಇನ್ನು ಮಾಡುವ ಕ್ರಮ. ದಪ್ಪ ಪ್ಲೈವುಡ್ ಹಲಗೆಯ ಎರಡು ಮುಖಗಳಿಗೂ ಮೊದಲು ವಾರ್ನಿಷ್ ಬಳಿಯಬೇಕು, ಇಲ್ಲವಾದರೆ ತೇವದಿಂದ ಅದು ಸೊಟ್ಟಗಾಗುವುದು. ಮರದ ತುಂಡುಗಳಿಂದ ಇಳಿಜಾರನ್ನು ಕಟ್ಟಿ, ಹಡಗಿನ ತಳಕ್ಕೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಸುತ್ತಿ ಅದರ ಸ್ಥಾನದಲ್ಲಿಡಬೇಕು. ಒಣಗಿದ ಮೇಲೆ ಹಡಗನ್ನು ಎತ್ತಿ ತೆಗೆಯಲು ಇದರಿಂದ ಸುಲಭ. ಅಲೆಗೆ ಪ್ಲಾಸ್ಟರ್ ಆಫ್ ಪ್ಯಾರಿಸನ್ನು ಬಳಸುವವರುಂಟು. ಆದರೆ ಅದು ಸ್ವಲ್ಪ ಹೊತ್ತಿನಲ್ಲಿಯೇ ಗಟ್ಟಿಯಾಗಿ ಕಲಿಯುವ ಕೈಗೆ ಅವಕಾಶ ಕೊಡದು. ನಾವು ನಮ್ಮ ಅಜ್ಜಿಯರು ಪುಟ್ಟಿ ಮಾಡುತ್ತಿದ್ದ ವಿಧಾನವನ್ನೇ ಹಿಡಿದೆವು: ಕಾಗದವನ್ನು ನೆನೆಸಿ, ಮೆಂತ್ಯದೊಡನೆ ನುಣ್ಣಗೆ ಅರೆದು, ಅಂಟು ಬೆರೆಸಿ ಮೆತ್ತುವುದು. ಹಸಿಯಿರುವಾಗಲೇ ಚಮಚದ ಬೆನ್ನಿನಿಂದ ಒತ್ತಿದರೆ ಸಣ್ಣ ಅಲೆಗಳ ಕುಳಿಗಳು ಮೂಡುವುವು. ಪೂರ್ತಿ ಒಣಗಲು ನಮಗೆ ನಾಲ್ಕು ದಿನ ಬೇಕಾಯಿತು. ಪಾರದರ್ಶಕವಾದ ರಾಳವನ್ನು ಸುರಿಯುವುದು ಈಗ ರೂಢಿಯಲ್ಲಿದೆ. ಅದು ತಾನಾಗಿ ಸಮತಲವಾಗುವುದರಿಂದ ಶಾಂತವಾದ ಬಂದರಿಗೆ ಒಪ್ಪುವುದೇ ಹೊರತು ತೆರೆದ ಸಾಗರಕ್ಕೆ ಒಪ್ಪದು. ಅದರ ಆವಿಯೂ ಮಕ್ಕಳಿಗೆ ಹಿತವಲ್ಲ.

ಬಣ್ಣದ ವಿಷಯದಲ್ಲಿ ನಮ್ಮ ಕಡುನೀಲಿಯು ಎರಡನೆಯ ನಾಚಿಕೆ. ಕಡಲಿನ ನೀಲಿಯು ಬರಿಯ ಆಕಾಶದ ಪ್ರತಿಬಿಂಬವಲ್ಲವೆಂದು 1921ರ ಸಮುದ್ರಯಾನದಲ್ಲಿ ಸರ್ ಸಿ. ವಿ. ರಾಮನ್ ಅವರು ಪರೀಕ್ಷಿಸಿ ಕಂಡರು. ನೀರು ಬೆಳಕಿನ ಕೆಂಪನ್ನು ಹೀರುವುದರಿಂದ ಉಳಿದು ಹಿಂದಿರುಗುವುದು ನೀಲಿ. ಆದರೆ ಮೋಡ ಕವಿದ ದಕ್ಷಿಣ ಸಾಗರದ ಮೇಲ್ಮೈಯು ಬೂದಿಬಣ್ಣವನ್ನೇ ಹೆಚ್ಚಾಗಿ ತೋರುವುದು. ಆದಕಾರಣ ತಗ್ಗುಗಳಿಗೆ ಕಪ್ಪು ಬೆರೆತ ನೀಲಿಯನ್ನೂ, ಬೆಳಕು ತೂರಿಬರುವ ತೆಳು ಶಿಖರಗಳಿಗೆ ಹಸಿರುಛಾಯೆಯನ್ನೂ ಕೊಟ್ಟೆವು. ಹೊಳಪನ್ನು ಬಿಳಿಯ ಬಣ್ಣದಿಂದ ಬರೆಯಲೇಕೂಡದು. ಹೊಳೆಯುವ ವಾರ್ನಿಷನ್ನು ತೆಳುವಾಗಿ ಮೂರು ನಾಲ್ಕು ಸಲ ಬಳಿದರೆ ಕಿಟಕಿಯ ಬೆಳಕೇ ಆ ಕೆಲಸವನ್ನು ಮಾಡುವುದು.

ಬಿಳಿಯು ನೊರೆಗೆ ಮಾತ್ರ ಮೀಸಲು. ಮೂತಿಯ ಉಬ್ಬಿನಲ್ಲಿ, ಹಡಗಿನ ಹಿಂದಿನ ಜಾಡಿನಲ್ಲಿ, ಒಡೆದ ಶಿಖರಗಳಲ್ಲಿ ಮಾತ್ರ ಅದನ್ನು ಇಡಬೇಕು. ಬಿರುಸಾದ ಗಾಳಿಯಲ್ಲಿ ನೊರೆಯು ಗಾಳಿಯ ದಿಕ್ಕಿಗೆ ನೀಳವಾದ ಎಳೆಗಳಾಗಿ ಹರಡುವುದು. ಒಣಕುಂಚದಿಂದ ಆ ಎಳೆಗಳನ್ನು ಎಳೆದವಳು, ಹರಿಗೋಲೇ ಸಾಕೆಂದಿದ್ದ ಅದೇ ಹುಡುಗಿ. ಹತ್ತಿಯನ್ನು ಅವಳು ಒಂದು ಚಿಟಿಕೆಗಿಂತ ಹೆಚ್ಚು ಬಳಸಲಿಲ್ಲ.

ವೃದ್ಧೆಯವರು ಮತ್ತೊಮ್ಮೆ ಬಂದಾಗ ಪೀಠವನ್ನು ಕಿಟಕಿಯ ಬಳಿಗೆ ತರಿಸಿ ನೋಡಿದರು. ಗಾಳಿಯ ಮಾತನ್ನು ಅವರು ಎತ್ತಲಿಲ್ಲ. “ಇಷ್ಟು ಇಳಿಜಾರಿನಲ್ಲಿ ಚುಕ್ಕಾಣಿಯನ್ನು ಹಿಡಿದವರು ಯಾರು?” ಎಂದು ಮಾತ್ರ ಕೇಳಿದರು. ನಾವು ಹಡಗಿನ ಮೇಲೆ ಮನುಷ್ಯರನ್ನೇ ಇಟ್ಟಿರಲಿಲ್ಲ! ಮೂರೂವರೆ ಸೆಂಟಿಮೀಟರಿಗಿಂತ ಸ್ವಲ್ಪ ಕಡಿಮೆ ಎತ್ತರದ ಆರು ಮಂದಿ ಹೆಣ್ಣುಮಕ್ಕಳನ್ನು ಈಗ ಬಾಲಿಕೆಯರು ಮರದಲ್ಲಿ ಕೆತ್ತುತ್ತಿರುವರು, ಇಬ್ಬರು ಸಿದ್ಧರಾಗಿರುವರು.