ಗಿಡ ಎಷ್ಟು ಒಣಗಿದರೂ ಬದುಕೀತು?

ಬೇಸಗೆಯಲ್ಲಿ ನಿಮ್ಮ ಮನೆಯ ಕಾಂಪೌಂಡು ಗೋಡೆಯ ಮೇಲಿನ ಹಾವಸೆಯನ್ನು ನೋಡಿದ್ದೀರಲ್ಲವೆ? ಕಪ್ಪಗಾಗಿ, ಮುಟ್ಟಿದರೆ ಪುಡಿಯಾಗುವಂತಿರುತ್ತದೆ. ಮುಂಗಾರಿನ ಮೊದಲ ಮಳೆ ಬಿದ್ದರೆ ಸಾಕು, ನೋಡನೋಡುತ್ತಲೇ ಅದು ಮತ್ತೆ ಹಸಿರು. ಅದೇ ಗೋಡೆಯ ಬುಡದಲ್ಲಿ ಪಾಪಾಸುಕಳ್ಳಿಯೊಂದು ಬೇಸಗೆಯುದ್ದಕ್ಕೂ ದಪ್ಪಗೆ ಬೆಳೆದು ನಿಂತಿರಬಹುದು. ಇವೆರಡರಲ್ಲಿ ಒಣಗುವುದನ್ನು ತಾಳಬಲ್ಲದ್ದು ಯಾವುದು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಕಳ್ಳಿಯ ಕಡೆಗೇ ಕೈ ತೋರಿಸುತ್ತೇವೆ. ಸಸ್ಯವಿಜ್ಞಾನಿ ತೋರಿಸುವುದು ಹಾವಸೆಯ ಕಡೆಗೆ.

ಕಾರಣ ಸರಳವಾದದ್ದು. ಕಳ್ಳಿ ಸುಲಭವಾಗಿ ಒಣಗುವುದೇ ಇಲ್ಲ. ನೀರನ್ನು ಮೈಯಲ್ಲಿ ಕೂಡಿಟ್ಟು, ಮೇಣದಂಥ ಹೊದಿಕೆ ಹೊದ್ದು, ಹಗಲೆಲ್ಲ ತನ್ನ ಉಸಿರುರಂಧ್ರಗಳನ್ನು ಮುಚ್ಚಿಕೊಂಡು ಅದು ಬರವನ್ನು ತಪ್ಪಿಸಿಕೊಳ್ಳುತ್ತದೆ. ಹಾವಸೆಗೆ ಆ ಉಪಾಯಗಳಿಲ್ಲ. ಗಾಳಿ ಒಣಗಿದರೆ ತಾನೂ ಒಣಗುತ್ತದೆ, ಆದರೆ ಸಾಯುವುದಿಲ್ಲ. ತಪ್ಪಿಸಿಕೊಳ್ಳುವುದು ಒಂದು ಗುಣ, ತಾಳುವುದು ಇನ್ನೊಂದು ಗುಣ.

ಇದು ಬರಿಯ ಮಾತಿನ ಭೇದವಲ್ಲ. ಮಳೆಯನ್ನೇ ನಂಬಿದ ರೈತನೊಬ್ಬ ರಾಗಿಯ ಎರಡು ತಳಿಗಳನ್ನು ಅಕ್ಕಪಕ್ಕದಲ್ಲಿ ಬಿತ್ತಿದನೆನ್ನಿ. ಮಳೆ ಕೈಕೊಟ್ಟಾಗ ಒಂದು ಬಾಡಿತು, ಇನ್ನೊಂದು ಹಸಿರಾಗಿ ನಿಂತಿತು. ಹಸಿರಾಗಿ ನಿಂತದ್ದು ಒಣಗನ್ನು ತಾಳಿತೋ, ಅಥವಾ ಅದರ ಬೇರು ಆಳಕ್ಕಿಳಿದು ನೀರು ಕುಡಿಯುತ್ತಲೇ ಇತ್ತೋ? ಬೇರಿನ ಬಲದಿಂದ ಉಳಿದ ತಳಿಯನ್ನು ಮಣ್ಣು ಆಳವಿಲ್ಲದ ಕಲ್ಲುನೆಲದಲ್ಲಿ ಬಿತ್ತಿದರೆ ಅದು ಕೈಬಿಟ್ಟೀತು. ರೈತನ ಒಂದು ವರ್ಷದ ಅನ್ನ ಹೋದೀತು. ಆದ್ದರಿಂದಲೇ ಕಣ್ಣಂದಾಜು ಸಾಲದು, ಅಳತೆ ಬೇಕು.

ಮೊದಲನೆಯ ಪ್ರಶ್ನೆ: ಎಲೆ ಎಷ್ಟು ಒಣಗಿದೆ? ಇದಕ್ಕೆ ವೆದರ್ಲಿ ಎಂಬ ವಿಜ್ಞಾನಿ ಹತ್ತಿಯ ಗಿಡವನ್ನು ಅಭ್ಯಾಸಮಾಡಿ ೧೯೫೦ರಲ್ಲಿ ಒಂದು ಕ್ರಮವನ್ನು ತಿಳಿಸಿದ. ೧೯೬೨ರಲ್ಲಿ ಅದನ್ನು ಮತ್ತೊಬ್ಬನೊಡನೆ ಪುನಃ ಪರೀಕ್ಷಿಸಿದ. ಎಲೆಯಿಂದ ಬಿಲ್ಲೆಗಳನ್ನು ಕತ್ತರಿಸಿ ಒಡನೆಯೇ ತೂಗಬೇಕು. ಕೆಲವು ಗಂಟೆ ನೀರಿನ ಮೇಲೆ ತೇಲಿಸಿ, ಹೊಟ್ಟೆತುಂಬ ಕುಡಿದ ಮೇಲೆ ಮತ್ತೆ ತೂಗಬೇಕು. ಕೊನೆಗೆ ಬಿಸಿ ಪೆಟ್ಟಿಗೆಯಲ್ಲಿ ಪೂರ್ತಿ ಒಣಗಿಸಿ ಮೂರನೆಯ ಸಲ ತೂಗಬೇಕು. ಮೊದಲ ತೂಕ ೮೦ ಮಿಲಿಗ್ರಾಂ, ಎರಡನೆಯದು ೧೨೦, ಮೂರನೆಯದು ೨೦ ಎಂದಿಟ್ಟುಕೊಳ್ಳಿ. ಎಲೆ ಹಿಡಿಯಬಲ್ಲ ನೀರು ೧೦೦. ಅದರಲ್ಲಿ ಇದ್ದದ್ದು ೬೦. ಅಂದರೆ ಅದರ ನೀರಿನ ಮಟ್ಟ ನೂರಕ್ಕೆ ೬೦. ಈಗ ರಾಗಿಯ ಆ ಎರಡು ತಳಿಗಳನ್ನು ಒಂದೇ ಮಟ್ಟದಲ್ಲಿ ನಿಲ್ಲಿಸಿ ಹೋಲಿಸಬಹುದು. ಬೇರಿನ ಬಲ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಎರಡನೆಯ ಪ್ರಶ್ನೆ: ಅಷ್ಟು ಒಣಗಿದ ಮೇಲೂ ಜೀವ ಉಂಟೆ? ಮತ್ತೆ ನೀರು ಕೊಟ್ಟು ನೋಡುವುದು ಒಂದು ದಾರಿ. ಇನ್ನೊಂದು ದಾರಿ ಹೀಗಿದೆ. ಜೀವಕೋಶಗಳ ಪೊರೆ ಹರಿದರೆ ಒಳಗಿನ ಲವಣಗಳು ಹೊರಗೆ ಸೋರುತ್ತವೆ. ಎಲೆಯನ್ನು ಶುದ್ಧ ನೀರಿನಲ್ಲಿಟ್ಟು, ಆ ನೀರಿನಲ್ಲಿ ವಿದ್ಯುತ್ತು ಎಷ್ಟು ಹರಿಯುತ್ತದೆಂದು ಅಳೆಯುತ್ತಾರೆ. ಆಮೇಲೆ ಎಲೆಯನ್ನು ಕುದಿಸಿ, ಲವಣವೆಲ್ಲ ಹೊರಬಂದ ಮೇಲೆ ಮತ್ತೆ ಅಳೆಯುತ್ತಾರೆ. ಮೊದಲಿನ ಅಳತೆ ಎರಡನೆಯದಕ್ಕೆ ಹತ್ತಿರವಾದಷ್ಟೂ ಪೆಟ್ಟು ಹೆಚ್ಚು.

ಅತಿ ಕಠಿಣವಾದ ಪರೀಕ್ಷೆಯೂ ಒಂದುಂಟು. ಮುಚ್ಚಿದ ಜಾಡಿಯ ತಳದಲ್ಲಿ, ಇನ್ನು ಕರಗದಷ್ಟು ಅಡಿಗೆಯ ಉಪ್ಪು ಹಾಕಿದ ನೀರಿಟ್ಟರೆ ಒಳಗಿನ ಗಾಳಿಯ ತೇವ ನೂರಕ್ಕೆ ಸುಮಾರು ೭೫ರಲ್ಲಿ ನಿಲ್ಲುತ್ತದೆ. ನಮಗೆ ಅದು ತೇವದ ಗಾಳಿಯೇ. ಆದರೆ ಆ ಗಾಳಿಯೊಡನೆ ಸರಿಸಮವಾಗುವವರೆಗೆ ಒಣಗಿದ ಬೆಳೆಯ ಎಲೆ ಮತ್ತೆ ಚೇತರಿಸಿಕೊಳ್ಳದು. ಬೇರೆ ಬೇರೆ ಲವಣಗಳನ್ನು ಬಳಸಿ ಗಾಳಿಯನ್ನು ಇನ್ನೂ ಒಣಗಿಸಬಹುದು. ಅಂಥ ಒಣಗನ್ನೂ ತಾಳುವ ಹೂಬಿಡುವ ಗಿಡಗಳು ದಕ್ಷಿಣ ಆಫ್ರಿಕದ ಕಡೆ ಇರುವುದನ್ನು ಆಸ್ಟ್ರೇಲಿಯದ ಡೊನಾಲ್ಡ್ ಗ್ಯಾಫ್ ೧೯೭೧ರಲ್ಲಿ ಪ್ರಕಟಿಸಿದ. ನೀರಿನ ಮಟ್ಟ ನೂರಕ್ಕೆ ೧೦ಕ್ಕಿಂತ ಕೆಳಗಿಳಿದರೂ ಅವು ಮತ್ತೆ ಚಿಗುರುತ್ತವೆ. ನಮ್ಮ ಪಶ್ಚಿಮ ಘಟ್ಟಗಳಲ್ಲೂ ಒಣಗನ್ನು ತಾಳುವ ೬೨ ಜಾತಿಗಳನ್ನು ಪುಣೆಯ ಆಘಾರ್ಕರ್ ಸಂಶೋಧನಾಲಯದವರು ಗುರುತಿಸಿದ ಸುದ್ದಿ ೨೦೨೩ರಲ್ಲಿ ಬಂದಿತು. ನಾವು ಬರಿಯ ಬಂಡೆಯೆಂದು ಕಡೆಗಣಿಸುವ ಜಾಗಗಳು ಇಂಥ ಗಿಡಗಳ ಮನೆ.

ಆ ಗುಣ ನಾಳೆಯೇ ನಮ್ಮ ರಾಗಿಗೆ ಬಂದುಬಿಡುವುದೆಂದು ತಿಳಿಯಬಾರದು. ಆದರೆ ಯಾವ ಗಿಡ ತಪ್ಪಿಸಿಕೊಂಡಿತು, ಯಾವುದು ತಾಳಿತು ಎಂದು ಬೇರ್ಪಡಿಸಿ ನೋಡಿದರೆ, ಯಾವ ನೆಲಕ್ಕೆ ಯಾವ ಬೀಜವೆಂಬುದನ್ನು ಇನ್ನಷ್ಟು ನಂಬಿಕೆಯಿಂದ ಹೇಳಬಹುದು. ಈ ಸಲ ಬೇಸಗೆಯಲ್ಲಿ ಗೋಡೆಯ ಕರಿ ಹಾವಸೆಯ ಮೇಲೆ ಒಂದು ಚಮಚ ನೀರು ಹಾಕಿ, ಸ್ವಲ್ಪ ಹೊತ್ತು ಕಾದು ನೋಡಿ. ಸತ್ತಿತೆಂದು ನೀವು ಬಗೆದದ್ದು ಕಣ್ಣು ಬಿಟ್ಟೀತು.